ಗ್ರಾಮಸಭೆಯಲ್ಲಿ ಊಟದ ವಿಷಯ ಎತ್ತುವುದಾದರೆ ಯಾವುದನ್ನು ಹಿಡಿಯಬೇಕು?

ಉಡುಪಿ, ಮಂಗಳೂರು ಕಡೆಯ ಗ್ರಾಮಸಭೆಗಳಲ್ಲಿ ಮೊದಲು ಏಳುವುದು ರಸ್ತೆ. ಆಮೇಲೆ ದಾರಿದೀಪ, ಕುಡಿಯುವ ನೀರು, ಮಂಗನ ಕಾಟ, ಕಸ. ಊಟದ ಮಾತು ಬಂದರೂ "ರೇಷನಿಗೆ ಹೋದರೆ ಸರ್ವರ್ ಇಲ್ಲ ಅಂತಾರೆ" ಅನ್ನುವಲ್ಲಿಗೆ ಮುಗಿಯುತ್ತದೆ. ಆಹಾರ ನೀತಿ ಅಂದರೆ ಬೆಂಗಳೂರು, ದೆಹಲಿಯಲ್ಲಿ ಕೂತವರ ಕೆಲಸ ಅಂತ ನಾವು ಸುಮ್ನೆ ಒಪ್ಪಿಕೊಂಡುಬಿಟ್ಟಿದ್ದೇವೆ. ಆದರೂ ಎಸ್‌ಡಿಎಂಸಿಯವರು (ಶಾಲೆಯ ಮೇಲುಸ್ತುವಾರಿ ಸಮಿತಿಯವರು), ಸ್ವಸಹಾಯ ಗುಂಪುಗಳ ಸಂಜೀವಿನಿ ಒಕ್ಕೂಟದ ಹೆಂಗಸರು, ಹೊಸದಾಗಿ ಗೆದ್ದ ಪಂಚಾಯತ್ ಸದಸ್ಯರು ಆಗಾಗ ಕೇಳುವುದುಂಟು: ಒಂದು ನಿರ್ಣಯ ಬರೆದು ಮೇಲೆ ಕಳಿಸುವುದಾದರೆ ಯಾವುದಕ್ಕೆ ಬರೆಯಬೇಕು? ಕುಚ್ಚಲಕ್ಕಿಗಾ (ಬತ್ತ ಬೇಯಿಸಿ ಮಾಡಿದ ಅಕ್ಕಿ), ಬೇಳೆಗಾ, ಮೊಟ್ಟೆಗಾ, ಮೀನಿಗಾ?

ಎಲ್ಲವನ್ನೂ ಒಟ್ಟಿಗೆ ಬರೆದರೆ ಒಂದೂ ಆಗುವುದಿಲ್ಲ. ಹತ್ತು ಬೇಡಿಕೆಯ ಪಟ್ಟಿ ತಾಲೂಕು ಕಚೇರಿಯ ಫೈಲಿನಲ್ಲಿ ಹಾಯಾಗಿ ಮಲಗುತ್ತದೆ. ಹಾಗಾಗಿ ಒಂದನ್ನೋ ಎರಡನ್ನೋ ಆರಿಸಬೇಕು. ಆರಿಸುವಾಗ ನಾನು ನೋಡುವುದು ಮೂರು ವಿಷಯ. ಕೊಟ್ಟದ್ದನ್ನು ಜನ ನಿಜವಾಗಿ ತಿನ್ನುತ್ತಾರಾ? ಮನೆಯಲ್ಲಿ ಅತಿ ಹೆಚ್ಚು ಬೇಕಾದವರ ಬಾಯಿಗೆ, ಅಂದರೆ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ, ಅದು ಹೋಗುತ್ತದಾ? ಆ ತೀರ್ಮಾನ ಯಾರ ಮೇಜಿನ ಮೇಲೆ ಆಗುತ್ತದೆ? ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ದೆಹಲಿಯಲ್ಲಿ ಆಗಬೇಕಾದದ್ದನ್ನು ಪಂಚಾಯತಿನ ಪಿಡಿಒ ಹತ್ತಿರ ಕೇಳಿ ಪ್ರಯೋಜನ ಇಲ್ಲ, ಅಲ್ವಾ?

ಪರಿಸ್ಥಿತಿ ಎಷ್ಟು ಗಂಭೀರ ಅನ್ನುವುದಕ್ಕೆ ಎರಡು ಅಂಕಿ ಸಾಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ. 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8. ಇದು ಇಡೀ ರಾಜ್ಯದ ಲೆಕ್ಕ. ಕರಾವಳಿ ಜಿಲ್ಲೆಗಳು ಓದಿನಲ್ಲಿ, ಆಸ್ಪತ್ರೆಗಳಲ್ಲಿ ಮುಂದೆ ಇವೆ ನಿಜ. ಹಾಗಂತ ನಮಗೆ ಇದು ಸಂಬಂಧವೇ ಇಲ್ಲ ಅಂದುಕೊಳ್ಳಬೇಡಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಹತ್ತಿರ ಕೂತು ಎಚ್‌ಬಿ (ರಕ್ತದ ಹಿಮೋಗ್ಲೋಬಿನ್) ಲೆಕ್ಕ ಕೇಳಿದರೆ ಗೊತ್ತಾಗುತ್ತದೆ.

ಹೆಚ್ಚುವರಿ ರೇಷನ್: ಅಕ್ಕಿಯಾ, ದುಡ್ಡಾ, ಕಿಟ್ಟಾ?

ಮೂರು ವರ್ಷದೊಳಗೆ ಕರ್ನಾಟಕ ಮೊದಲ ಎರಡನ್ನು ನೋಡಿದೆ, ಮೂರನೆಯದರ ತೀರ್ಮಾನವನ್ನೂ ಕೇಳಿದೆ. ಹಾಗಾಗಿ ಹೋಲಿಸುವುದು ಸುಲಭ.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಲ್ಲಿ ಬಿಪಿಎಲ್ ಕಾರ್ಡಿನ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕೆಜಿ ಧಾನ್ಯ, ಅಂತ್ಯೋದಯ ಕಾರ್ಡಿಗೆ ಒಟ್ಟು 35 ಕೆಜಿ. ಇದು ಕೇಂದ್ರದ್ದು. ಅದರ ಮೇಲೆ ರಾಜ್ಯ ಇನ್ನೂ 5 ಕೆಜಿ ಕೊಡುವುದಾಗಿ 2023ರಲ್ಲಿ ಹೇಳಿತು. ಆಗ ಕೇಂದ್ರದಿಂದ ಅಕ್ಕಿ ಸಿಗಲಿಲ್ಲ. ಜುಲೈಯಿಂದ ಕೆಜಿಗೆ 34 ರೂಪಾಯಿಯಂತೆ ಒಬ್ಬರಿಗೆ 170 ರೂಪಾಯಿ ಬ್ಯಾಂಕ್ ಖಾತೆಗೆ ಹಾಕಿದರು. 2025ರ ಫೆಬ್ರವರಿಯಿಂದ ದುಡ್ಡು ನಿಲ್ಲಿಸಿ ಅಕ್ಕಿಯನ್ನೇ ಕೊಟ್ಟರು. ಅದೇ ವರ್ಷದ ಅಕ್ಟೋಬರಿನಲ್ಲಿ, ಈ ಹೆಚ್ಚುವರಿ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಆಹಾರ ಕಿಟ್ ಕೊಡಲು ಸಚಿವ ಸಂಪುಟ ತೀರ್ಮಾನಿಸಿತು.

ದುಡ್ಡಿನ ಪರವಾಗಿ ಒಂದು ಮಾತು ಹೇಳಲೇಬೇಕು. ಕಾಯ್ದೆಯ ಪ್ರಕಾರ ಕಾರ್ಡಿನ ಯಜಮಾನಿ ಮನೆಯ ಹಿರಿಯ ಹೆಂಗಸು. ಹಾಗಾಗಿ ದುಡ್ಡು ಹೆಚ್ಚಾಗಿ ಅಮ್ಮನ, ಅತ್ತೆಯ ಖಾತೆಗೆ ಬಂತು. ತನಗೆ ಬೇಕಾದ ಅಕ್ಕಿ ಕೊಳ್ಳುವ ಸ್ವಾತಂತ್ರ್ಯ ಅವಳಿಗೆ ಸಿಕ್ಕಿತು. ಕಾಗದದಲ್ಲಿ ಚೆಂದ. ಅಂಗಡಿಯಲ್ಲಿ ಲೆಕ್ಕ ಬೇರೆ. 34 ರೂಪಾಯಿಗೆ ಒಳ್ಳೆಯ ಕುಚ್ಚಲಕ್ಕಿ ಸಿಗುವ ಕಾಲ ಹೋಗಿ ಎಷ್ಟೋ ವರ್ಷ ಆಯಿತು. ಬೆಲೆ ಏರಿದಾಗ ಆ 34 ಏರಲಿಲ್ಲ. ಆಧಾರ್ ಜೋಡಣೆ ಆಗದ ಖಾತೆಗಳಿಗೆ ದುಡ್ಡೇ ಬರಲಿಲ್ಲ. ಬಂದ ಖಾತೆಯಲ್ಲಿ ಅದು ಕರೆಂಟ್ ಬಿಲ್ಲಿಗೋ ಸಂಘದ ಸಾಲದ ಕಂತಿಗೋ ಹೋಯಿತು. ತಪ್ಪು ಅನ್ನುವುದಿಲ್ಲ, ಬಡವರಿಗೆ ಅದೂ ಖರ್ಚೇ. ಆದರೆ ಪೌಷ್ಟಿಕತೆ ಅಂತ ಹೆಸರಿಟ್ಟು ಕೊಟ್ಟ ದುಡ್ಡು ಅದು.

ಅಕ್ಕಿಯ ಲೆಕ್ಕ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ 2,000 ಕ್ಯಾಲರಿಯ ಊಟಕ್ಕೆ ದಿನಕ್ಕೆ ಸುಮಾರು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು ಅಂತ ಇದೆ. ತಿಂಗಳಿಗೆ 10 ಕೆಜಿ ಅಕ್ಕಿ ಅಂದರೆ ದಿನಕ್ಕೆ 333 ಗ್ರಾಂ. ಬೇಕಾದ್ದಕ್ಕಿಂತ ಜಾಸ್ತಿ! 5 ಕೆಜಿ ಆದರೆ 166 ಗ್ರಾಂ, ಮೂರರಲ್ಲಿ ಎರಡು ಪಾಲು. ಬೇಳೆಯದ್ದು 85 ಗ್ರಾಂ ಲೆಕ್ಕದಲ್ಲಿ ಒಬ್ಬರಿಗೆ ತಿಂಗಳಿಗೆ ಎರಡೂವರೆ ಕೆಜಿ. ಕೂಲಿ ಮಾಡುವ ಯಾವ ಮನೆಯಲ್ಲಿ ಒಬ್ಬರಿಗೆ ತಿಂಗಳಿಗೆ ಎರಡೂವರೆ ಕೆಜಿ ಬೇಳೆ ಬೇಯುತ್ತದೆ ಹೇಳಿ? ಹೊಟ್ಟೆ ತುಂಬುವುದು ಅನ್ನದಿಂದ, ಖಾಲಿ ಬೀಳುವುದು ಬೇಳೆಯ ಜಾಗ. ಹಾಗಾಗಿ ಎರಡನೇ 5 ಕೆಜಿ ಅಕ್ಕಿಗಿಂತ ಬೇಳೆಯೇ ವಾಸಿ. ಹೆಚ್ಚಾದ ರೇಷನ್ ಅಕ್ಕಿ ನಮ್ಮಲ್ಲಿ ಎಲ್ಲಿಗೆ ಹೋಗುತ್ತದೆ ಅಂತ ನಿಮಗೂ ಗೊತ್ತು. ದೋಸೆಗೆ ಸ್ವಲ್ಪ, ಕೋಳಿಗೆ ಸ್ವಲ್ಪ, ಉಳಿದದ್ದು ಮನೆಬಾಗಿಲಿಗೆ ಬರುವ ಗಾಡಿಗೆ.

ಕಿಟ್ ಎಲ್ಲಿ ಎಡವಬಹುದು? ಅಕ್ಕಿಗೆ ಗೋದಾಮು, ಲಾರಿ, ತೂಕ ಎಲ್ಲ ಐವತ್ತು ವರ್ಷದ ಅಭ್ಯಾಸ. ಬೇಳೆ, ಎಣ್ಣೆ ಹಾಗಲ್ಲ. ಟೆಂಡರ್ ತಡವಾದರೆ ತಿಂಗಳು ತಪ್ಪುತ್ತದೆ. ಬೇಳೆಯಲ್ಲಿ ಹುಳ ಬಿದ್ದರೆ ಯಾರೂ ಜವಾಬ್ದಾರರಲ್ಲ. ಸಕ್ಕರೆ ಕಿಟ್ಟಿನಲ್ಲಿ ಯಾಕೆ ಅನ್ನುವುದು ನನಗಂತೂ ಅರ್ಥವಾಗಿಲ್ಲ. ಆ ಜಾಗದಲ್ಲಿ ಹುರುಳಿಯೋ ಹೆಸರೋ ಇದ್ದರೆ ನಮ್ಮ ಸಾರಿಗೂ ಹೊಂದುತ್ತಿತ್ತು. ಇಂಥ ಮಿಶ್ರ ರೇಷನ್ ಆಗದ ಕೆಲಸ ಏನಲ್ಲ. ಕೊರಗ ಸಮುದಾಯದ ಕುಟುಂಬಗಳಿಗೆ ಐಟಿಡಿಪಿ (ಬುಡಕಟ್ಟು ಅಭಿವೃದ್ಧಿ ಕಚೇರಿ) ಮೂಲಕ ಅಕ್ಕಿಯ ಜೊತೆ ಬೇಳೆಕಾಳು, ಎಣ್ಣೆ, ಮೊಟ್ಟೆ ಕೊಡುವ ಪದ್ಧತಿ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಮೊದಲಿನಿಂದ ಇದೆ. ಏನೇನು ತೊಡಕು ಬರುತ್ತದೆ ಅಂತ ತಿಳಿಯಬೇಕಾದರೆ ಆ ಕುಟುಂಬಗಳನ್ನೇ ಕೇಳಿ. ಮೊಟ್ಟೆ ಒಡೆದು ಬರುವುದರಿಂದ ಹಿಡಿದು ತಿಂಗಳು ತಪ್ಪುವುದರವರೆಗೆ ಎಲ್ಲ ಹೇಳುತ್ತಾರೆ.

ಇದು ವಿಧಾನಸೌಧದ ತೀರ್ಮಾನ. ಗ್ರಾಮಸಭೆಯಿಂದ ಕೇಳಬಹುದಾದದ್ದು ತೂಕ, ಗುಣಮಟ್ಟ, ದಿನಾಂಕ. ನ್ಯಾಯಬೆಲೆ ಅಂಗಡಿಗೆ ಜಾಗೃತ ಸಮಿತಿ ಇರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ನಿಮ್ಮಲ್ಲಿ ಆ ಸಮಿತಿಯಲ್ಲಿ ಯಾರಿದ್ದಾರೆ ಅಂತ ಒಮ್ಮೆ ಸಭೆಯಲ್ಲೇ ಕೇಳಿ ನೋಡಿ. ಸಮಿತಿಯಲ್ಲಿ ಇರುವವರಿಗೇ ಅದು ಗೊತ್ತಿಲ್ಲದ ಊರುಗಳಿವೆ.

ಬೆಳ್ತಿಗೆ ಬೇಡ, ಕುಚ್ಚಲಕ್ಕಿ ಕೊಡಿ

ಬೆಳ್ತಿಗೆ ಅಂದರೆ ಬತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿ. ಈ ಬೇಡಿಕೆ ನಮ್ಮಲ್ಲಿ ಎಲ್ಲ ಪಕ್ಷದವರದ್ದೂ ಹೌದು. ಭಾಷಣದಲ್ಲಿ ಚಪ್ಪಾಳೆ ಖಚಿತ. ಬೇಡಿಕೆ ನ್ಯಾಯವಾದದ್ದೇ. ಬತ್ತವನ್ನು ಸಿಪ್ಪೆ ಸಮೇತ ಬೇಯಿಸುವಾಗ ಹೊರಪದರದ ಬಿ ವಿಟಮಿನ್ ಸ್ವಲ್ಪ ಕಾಳಿನ ಒಳಗೆ ಇಳಿಯುತ್ತದೆ. ಕೆಂಪು ತೌಡು ಪೂರ್ತಿ ಹೋಗದಂತೆ ಮಿಲ್ ಮಾಡಿದರೆ ಇನ್ನೂ ಒಳ್ಳೆಯದು. ಅದಕ್ಕಿಂತ ಮುಖ್ಯ, ಜನ ತಿನ್ನುತ್ತಾರೆ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಊಟ, ರಾತ್ರಿ ಉಳಿದದ್ದಕ್ಕೆ ನೀರು ಹಾಕಿಟ್ಟರೆ ಮರುದಿನಕ್ಕೆ ತಂಗಳು. ಬಿಳಿ ರೇಷನ್ ಅಕ್ಕಿಯ ಗಂಜಿ ಯಾರ ಗಂಟಲಲ್ಲೂ ಇಳಿಯುವುದಿಲ್ಲ.

2021-22ರ ಹೊತ್ತಿಗೆ ಸರ್ಕಾರ ಸ್ಥಳೀಯ ಬತ್ತವನ್ನೇ ಖರೀದಿಸಿ ಕುಚ್ಚಲಕ್ಕಿ ಮಾಡಿ ಎರಡೂ ಜಿಲ್ಲೆಗಳ ರೇಷನಿಗೆ ಕೊಡುತ್ತೇವೆ ಅಂತ ಹೊರಟಿತು. ಎಂಒ4, ಜ್ಯೋತಿ, ಜಯದಂಥ ತಳಿಗಳು. ಅಂದುಕೊಂಡಷ್ಟು ಬತ್ತ ಬರಲಿಲ್ಲ. ಕಾರಣ ನೀತಿಯದ್ದಲ್ಲ, ಕ್ಯಾಲೆಂಡರಿನದ್ದು.

ನಮ್ಮ ಏಣೆಲು, ಅಂದರೆ ಮುಂಗಾರಿನ ಬತ್ತದ ಬೆಳೆ, ಕಟಾವಿಗೆ ಬರುವುದು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಇನ್ನೂ ಮಳೆ ಬಿಟ್ಟಿರುವುದಿಲ್ಲ. ಕಟಾವು ಯಂತ್ರ ಊರಿಗೆ ಬರುವುದೇ ನಾಲ್ಕು ದಿನ, ಗಂಟೆಗೆ ಇಷ್ಟು ಅಂತ ಬಾಡಿಗೆ. ಯಂತ್ರದಿಂದ ಬಿದ್ದ ಬತ್ತ ಹಸಿ. ಒಣಗಿಸಲು ಅಂಗಳ ಇಲ್ಲ, ಇದ್ದ ಅಂಗಳಕ್ಕೆ ಇಂಟರ್‌ಲಾಕ್ ಹಾಕಿ ಕಾರು ನಿಲ್ಲಿಸಿದ್ದಾರೆ. ಕಾಯುವ ಹಾಗಿಲ್ಲ, ಮೊಳಕೆ ಬರುತ್ತದೆ. ಗದ್ದೆ ಬದಿಗೇ ಮಿಲ್ಲಿನವರ ಗಾಡಿ ಬರುತ್ತದೆ, ತೂಗಿ ಒಯ್ಯುತ್ತಾರೆ. ಸರ್ಕಾರದ ಖರೀದಿ ಕೇಂದ್ರ ಬಾಗಿಲು ತೆರೆಯುವುದು ನವೆಂಬರ್, ಡಿಸೆಂಬರಿಗೆ. ಅಷ್ಟು ಹೊತ್ತಿಗೆ ರೈತನ ಹತ್ತಿರ ಉಳಿದದ್ದು ಮನೆ ಖರ್ಚಿನ ಬತ್ತ ಮಾತ್ರ. 2025-26ಕ್ಕೆ ಸಾಮಾನ್ಯ ಬತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಕೆಂಪು ಬತ್ತಕ್ಕೆ ಮಿಲ್ಲಿನವರು ಬೆಂಬಲ ಬೆಲೆಗಿಂತ ಜಾಸ್ತಿ ಕೊಟ್ಟ ವರ್ಷಗಳೂ ಇವೆ. ಆಗ ಯಾವ ರೈತ ಆಧಾರ್, ಆರ್‌ಟಿಸಿ ಹಿಡಿದುಕೊಂಡು ಕೇಂದ್ರಕ್ಕೆ ಅಲೆಯುತ್ತಾನೆ?

ನಿಮ್ಮ ಪಂಚಾಯತ್ ಮಟ್ಟಕ್ಕೆ ಒಂದು ಲೆಕ್ಕ ಹಾಕಿ ನೋಡಿ. ಸಾವಿರ ಮಂದಿಗೆ ತಲೆಗೆ 5 ಕೆಜಿಯಂತೆ ತಿಂಗಳಿಗೆ 50 ಕ್ವಿಂಟಲ್ ಅಕ್ಕಿ, ವರ್ಷಕ್ಕೆ 600 ಕ್ವಿಂಟಲ್. ನೂರು ಕೆಜಿ ಬತ್ತಕ್ಕೆ 68 ಕೆಜಿ ಕುಚ್ಚಲಕ್ಕಿ ಅನ್ನುವುದು ಸರ್ಕಾರಿ ಅಳತೆ. ಅಂದರೆ ಸುಮಾರು 880 ಕ್ವಿಂಟಲ್ ಬತ್ತ ಬೇಕು. ಎಕರೆಗೆ 15 ಕ್ವಿಂಟಲ್ ಹಿಡಿದರೆ ಹೆಚ್ಚುಕಮ್ಮಿ 60 ಎಕರೆ ಗದ್ದೆ, ಅದೂ ಇಡೀ ಬೆಳೆ ಸರ್ಕಾರಕ್ಕೇ ಕೊಟ್ಟರೆ. ನಿಮ್ಮ ಊರಲ್ಲಿ ಅಷ್ಟು ಗದ್ದೆ ಉಳಿದಿದೆಯಾ? ಅಡಿಕೆ ತೋಟ, ಲೇಔಟ್, ಹಡಿಲು (ಪಾಳು) ಬಿದ್ದದ್ದು ಬಿಟ್ಟು ಎಷ್ಟು ಅಂತ ಎಣಿಸಿ.

ಹಾಗಾಗಿ ಸುಮ್ನೆ "ಕುಚ್ಚಲಕ್ಕಿ ಕೊಡಿ" ಅಂತ ನಿರ್ಣಯ ಬರೆಯಬೇಡಿ. ಅದನ್ನು ಬರೆದು ಬರೆದು ಶಾಯಿ ಮುಗಿದಿದೆ. ಅಕ್ಟೋಬರ್ ಒಂದಕ್ಕೆ ಖರೀದಿ ಶುರುವಾಗಲಿ, ಹಸಿ ಬತ್ತಕ್ಕೆ ತೇವಾಂಶ ಕಳೆದು ಗದ್ದೆ ಬದಿಗೇ ದರ ಕಟ್ಟಲಿ, ಸಹಕಾರಿ ಸಂಘದ ಆವರಣದಲ್ಲಿ ಒಂದು ಒಣಗಿಸುವ ಯಂತ್ರ ಇರಲಿ ಅಂತ ಬರೆಯಿರಿ. ಈ ಮೂರು ಆಗದೆ ಕುಚ್ಚಲಕ್ಕಿ ರೇಷನ್ ಬಂದರೂ ಅದು ಹೊರಗಿನ ರಾಜ್ಯದ್ದಾಗಿರುತ್ತದೆ. ತಿನ್ನುವವರಿಗೆ ತೊಂದರೆ ಇಲ್ಲ, ಗದ್ದೆ ಮಾಡುವವನಿಗೆ ಮಾತ್ರ ಏನೂ ಸಿಕ್ಕಂತಾಗಲಿಲ್ಲ.

ಒಂದು ಎಚ್ಚರಿಕೆ. ಮಂಗಳೂರು ನಗರದಲ್ಲಿ, ಮಲ್ಪೆಯ ಬೋಟುಗಳಲ್ಲಿ, ಕಟ್ಟಡ ಕೆಲಸದಲ್ಲಿ ಇರುವ ಬಾಗಲಕೋಟೆ, ಕೊಪ್ಪಳ, ಗದಗದ ಜನಕ್ಕೆ ಕುಚ್ಚಲಕ್ಕಿ ಬೇಡ. ಅವರಿಗೆ ಜೋಳ ಬೇಕು. ಅವರ ಊರಿನ ರೇಷನಿನಲ್ಲಿ ಜೋಳ ಸಿಗುತ್ತದೆ, ಇಲ್ಲಿ ಅವರ ಪಾಲಿಗೆ ಬರುವುದು ಅಕ್ಕಿ ಮಾತ್ರ. ನ್ಯಾಯ ಅಂತ ಹೊರಟರೆ ನಮ್ಮ ನಾಲಿಗೆಯ ನ್ಯಾಯ ಮಾತ್ರ ನೋಡಿ ಕೂರಲಾಗುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸುವ ಅವಕಾಶ ಕೇಳುವುದು ಸರಿ.

ಸಾರವರ್ಧಿತ ಅಕ್ಕಿಯ ಗೊಂದಲ

ತಡ್ಪೆಯಲ್ಲಿ (ಮೊರದಲ್ಲಿ) ಅಕ್ಕಿ ಹರಡಿ, ಸ್ವಲ್ಪ ಹಳದಿ ಛಾಯೆಯ ನುಣುಪು ಕಾಳುಗಳನ್ನು ಒಂದೊಂದಾಗಿ ಹೆಕ್ಕಿ ಹೊರಗೆ ಎಸೆಯುವ ಅಜ್ಜಿಯರನ್ನು ನೋಡಿರುತ್ತೀರಿ. "ಪ್ಲಾಸ್ಟಿಕ್ ಅಕ್ಕಿ ಮಾರಾಯ್ರೆ, ನೀರಲ್ಲಿ ತೇಲ್ತದೆ." ಪ್ಲಾಸ್ಟಿಕ್ ಅಲ್ಲ. ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮತ್ತೆ ಕಾಳಿನ ಆಕಾರಕ್ಕೆ ತಂದದ್ದು. ನೂರು ಕಾಳಿಗೆ ಒಂದರಂತೆ ಬೆರೆಸುತ್ತಾರೆ. 2021ರ ಆಗಸ್ಟ್ 15ರಂದು ಪ್ರಧಾನಿ ಘೋಷಿಸಿದ್ದು, 2024ರ ಹೊತ್ತಿಗೆ ರೇಷನ್, ಶಾಲೆ, ಅಂಗನವಾಡಿ ಎಲ್ಲ ಕಡೆ ಬಂತು. 2028ರ ಕೊನೆಯವರೆಗೆ ಮುಂದುವರಿಸಲು 2024ರಲ್ಲಿ ಕೇಂದ್ರ ಒಪ್ಪಿತ್ತು.

ಇದರ ಪರವಾಗಿ ಹೇಳುವುದಾದರೆ ಖರ್ಚು ಕಡಿಮೆ, ಯಾರೂ ಅಭ್ಯಾಸ ಬದಲಿಸಬೇಕಾಗಿಲ್ಲ. ವಿರುದ್ಧ ಹೇಳುವುದಾದರೆ ಹೆಕ್ಕಿ ಎಸೆದ ಮೇಲೆ ಏನು ಉಪಯೋಗ? ಥಲಸೇಮಿಯಾ ಇರುವವರು ಕಬ್ಬಿಣಾಂಶದ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ತಿನ್ನಬೇಕು. ಕಬ್ಬಿಣ ಮೈಗೆ ಹತ್ತಬೇಕಾದರೆ ಜೊತೆಗೆ ಲಿಂಬೆ, ನೆಲ್ಲಿಕಾಯಿ, ಹಸಿ ತರಕಾರಿಯಂಥದ್ದು ಇರಬೇಕು. ಊಟ ಆದ ಕೂಡಲೇ ಚಾ ಕುಡಿದರೆ ಅರ್ಧ ಕೆಲಸ ಕೆಡುತ್ತದೆ. ಗ್ರಾಮಸಭೆಯ ನಿರ್ಣಯ ಇದಕ್ಕೆ ಬೇಡ, ಇದು ದೆಹಲಿಯದ್ದು. ರೇಷನ್ ಅಂಗಡಿಯ ಗೋಡೆಗೆ ಒಂದು ಕಾಗದ ಅಂಟಿಸಿ ವಿವರ ಬರೆದರೆ ಸಾಕು. ತುಳುವಿನಲ್ಲಿ ಬಾಯಿಬಿಟ್ಟು ಹೇಳಿದರೆ ಇನ್ನೂ ಒಳ್ಳೆಯದು.

ಶಾಲೆಯ ಮೊಟ್ಟೆ

ನನ್ನನ್ನು ಕೇಳಿದರೆ ಶಾಲೆ ಇರುವ ಪ್ರತಿ ಊರಿನವರೂ ಮೊದಲು ಹಿಡಿಯಬೇಕಾದದ್ದು ಇದನ್ನು. ಕಾರಣ ಸರಳ. ರೇಷನ್ ಮನೆಗೆ ಹೋಗುತ್ತದೆ, ಮನೆಯಲ್ಲಿ ಯಾರು ಎಷ್ಟು ತಿಂದರು ಅಂತ ಯಾರಿಗೂ ಗೊತ್ತಿಲ್ಲ. ಶಾಲೆಯ ಮೊಟ್ಟೆ ಮಗುವಿನ ಕೈಗೇ ಹೋಗುತ್ತದೆ, ಅಲ್ಲೇ ತಿಂದು ಮುಗಿಸುತ್ತದೆ.

ಕರ್ನಾಟಕದಲ್ಲಿ ಇದು 2021ರ ಡಿಸೆಂಬರಿನಲ್ಲಿ ಬೀದರ್, ರಾಯಚೂರು, ಕಲಬುರಗಿಯಂಥ ಜಿಲ್ಲೆಗಳಲ್ಲಿ ಶುರುವಾಗಿ, ಆಮೇಲೆ ರಾಜ್ಯಕ್ಕೆಲ್ಲ ಬಂತು. ಸರ್ಕಾರದ ದುಡ್ಡಿನಲ್ಲಿ ವಾರಕ್ಕೆ ಎರಡು ದಿನ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಜೊತೆ ಮೂರು ವರ್ಷದ ಒಪ್ಪಂದ ಆಗಿ ಉಳಿದ ನಾಲ್ಕು ದಿನವೂ ಸೇರಿತು. ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ 10ನೇ ತರಗತಿವರೆಗೆ. ತಿನ್ನದವರಿಗೆ ಬಾಳೆಹಣ್ಣು. ಮೊದಲು ಶೇಂಗಾ ಚಿಕ್ಕಿಯೂ ಇತ್ತು, 2025ರಲ್ಲಿ ಗುಣಮಟ್ಟದ ದೂರು ಬಂದ ಮೇಲೆ ಅದನ್ನು ಬಿಟ್ಟರು.

ಮೊಟ್ಟೆ, ಬಾಳೆಹಣ್ಣು ಎರಡನ್ನೂ ಪಕ್ಕಪಕ್ಕ ಇಟ್ಟರೆ ಪೌಷ್ಟಿಕತೆಯಲ್ಲಿ ಹೋಲಿಕೆಯೇ ಇಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಬಾಳೆಹಣ್ಣಿನಲ್ಲಿ ಒಂದು ಗ್ರಾಂ ಚಿಲ್ಲರೆ. ಪ್ರಾಥಮಿಕ ಶಾಲೆಯ ಇಡೀ ಬಿಸಿಯೂಟದಿಂದ ಸಿಗಬೇಕಾದದ್ದು 12 ಗ್ರಾಂ. ಅದರ ಅರ್ಧ ಒಂದೇ ಮೊಟ್ಟೆಯಲ್ಲಿದೆ. ಆದರೂ ಬಾಳೆಹಣ್ಣು ತಿನ್ನುವ ಮಗುವನ್ನು ಬೇರೆ ಸಾಲಿನಲ್ಲಿ ಕೂರಿಸುವುದು, ಮೊಟ್ಟೆ ತಿನ್ನುವ ಮಗುವಿಗೆ ಮೂಗು ಮುರಿಯುವುದು ಎರಡೂ ಬೇಡ. ಸೋಮವಾರ, ಶನಿವಾರ ತಿನ್ನುವುದಿಲ್ಲ ಅನ್ನುವ ಮನೆಗಳು ನಮ್ಮಲ್ಲಿ ಬೇಕಾದಷ್ಟು. ಆ ದಿನ ಹಣ್ಣು ಕೊಟ್ಟರೆ ಆಯಿತು, ಅದರಲ್ಲಿ ಜಗಳ ಎಂತಕ್ಕೆ?

ತೊಂದರೆ ಇರುವುದು ದುಡ್ಡಿನಲ್ಲಿ. 2025ರಲ್ಲಿ ಒಂದು ಮೊಟ್ಟೆಗೆ ಕೊಡುತ್ತಿದ್ದದ್ದು 6 ರೂಪಾಯಿ. ಅದರೊಳಗೇ ಮೊಟ್ಟೆಯ ಬೆಲೆ, ಗ್ಯಾಸ್, ಸಾಗಾಟ, ಸಿಪ್ಪೆ ಸುಲಿಯುವವರ ಕೂಲಿ ಎಲ್ಲ. ಮಳೆಗಾಲದಲ್ಲಿ, ಕ್ರಿಸ್ಮಸ್ ಹತ್ತಿರ ಬಂದಾಗ ಅಂಗಡಿಯಲ್ಲೇ ಮೊಟ್ಟೆ ಆರು ದಾಟುತ್ತದೆ. ಆಗ ಹೆಡ್‌ಮಾಸ್ಟರ್ ತನ್ನ ಜೇಬಿನಿಂದ ಹಾಕಬೇಕು, ಇಲ್ಲವೇ ಆ ವಾರ ಎಲ್ಲರಿಗೂ ಬಾಳೆಹಣ್ಣು. ಅಡುಗೆಯವರ ಕೆಲಸವನ್ನೂ ನೋಡಿ. ನೂರೈವತ್ತು ಮೊಟ್ಟೆ ಬೇಯಿಸಿ, ತಣ್ಣೀರಿಗೆ ಹಾಕಿ, ಬೆರಳ ತುದಿ ಸುಡುತ್ತಿರುವಾಗಲೇ ಸುಲಿಯುವುದು. ಅನ್ನ, ಸಾಂಬಾರು ಮಾಡಿದ ಮೇಲೆ ಇದು ಹೆಚ್ಚಿನ ಕೆಲಸ. ಬಿಸಿಯೂಟದವರ ಗೌರವಧನ ಹೇಳಿಕೊಳ್ಳುವಷ್ಟು ಇಲ್ಲ. ಮಕ್ಕಳ ಪೌಷ್ಟಿಕತೆ ಸುಧಾರಿಸುವ ಭಾರ ಊರಿನಲ್ಲೇ ಅತಿ ಕಡಿಮೆ ಸಂಬಳದ ಹೆಂಗಸರ ಮೇಲೆ ಬಿದ್ದಿದೆ. ನ್ಯಾಯದ ಪ್ರಶ್ನೆ ಊಟದ ತಟ್ಟೆಯಲ್ಲಿ ಮಾತ್ರ ಅಲ್ಲ, ಒಲೆಯ ಹತ್ತಿರವೂ ಇದೆ.

ಇನ್ನೊಂದು ವಿಷಯ ಯಾರೂ ಮಾತಾಡುವುದಿಲ್ಲ. ವಾರದ ಆರರಲ್ಲಿ ನಾಲ್ಕು ಮೊಟ್ಟೆ ದಾನದ ದುಡ್ಡಿನದ್ದು. ಮೂರು ವರ್ಷ ಮುಗಿದ ಮೇಲೆ? ದಾನ ಮಾಡಿದವರಿಗೆ ಕೃತಜ್ಞತೆ ಹೇಳೋಣ. ಆದರೆ ಮಕ್ಕಳ ಊಟ ಬಜೆಟ್ಟಿನ ಸಾಲಿನಲ್ಲಿ ಇರಬೇಕು. ಎಸ್‌ಡಿಎಂಸಿ ಬರೆಯುವುದಾದರೆ ಎರಡು ವಾಕ್ಯ ಸಾಕು: ಮೊಟ್ಟೆಯ ದರ ಮಾರುಕಟ್ಟೆಯ ಜೊತೆ ಪರಿಷ್ಕರಣೆಯಾಗಲಿ, ಆರು ದಿನವೂ ಸರ್ಕಾರದ ಖರ್ಚಿನಲ್ಲೇ ನಡೆಯಲಿ.

ತರಕಾರಿಯ ಬಗ್ಗೆ ಒಂದು ಮಾತು. ನಿಯಮದಲ್ಲಿ ಪ್ರಾಥಮಿಕದ ಮಗುವಿಗೆ ದಿನಕ್ಕೆ 50 ಗ್ರಾಂ, ಹಿರಿಯ ಪ್ರಾಥಮಿಕಕ್ಕೆ 75 ಗ್ರಾಂ. ಬಸಳೆ, ಹರಿವೆ, ತೊಂಡೆ, ಸೌತೆ ಬೆಳೆಯುವ ಮನೆಗಳು ಶಾಲೆಯ ಸುತ್ತಲೇ ಇರುವಾಗ ಪೇಟೆಯಿಂದ ಬಾಡಿದ ಬೀನ್ಸ್ ತರುವುದು ಎಂತಕ್ಕೆ? ಇದಕ್ಕೆ ಯಾರ ಅಪ್ಪಣೆಯೂ ಬೇಡ. ಸಂಜೀವಿನಿ ಗುಂಪು, ಮುಖ್ಯ ಶಿಕ್ಷಕರು ಕೂತು ವಾರದ ದರ ಮಾತಾಡಿಕೊಂಡರೆ ಆಗುತ್ತದೆ.

ಬಸುರಿ ಬಾಣಂತಿಯರಿಗೆ: ಅಂಗನವಾಡಿ ಊಟವಾ, ಮನೆಗೆ ರೇಷನ್ನಾ?

2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ತಿಂಗಳಿಗೆ 25 ದಿನ ಅಂಗನವಾಡಿಯಲ್ಲಿ ಬಿಸಿ ಊಟ. ಅನ್ನ, ಸಾಂಬಾರು, ಮೊಟ್ಟೆ, ಹಾಲು, ಚಿಕ್ಕಿ. ಅಲ್ಲೇ ಕಬ್ಬಿಣದ ಮಾತ್ರೆ. ಯೋಜನೆಯ ಹಿಂದಿನ ಯೋಚನೆ ಬಹಳ ಸರಿ. ಮನೆಗೆ ರೇಷನ್ ಕೊಟ್ಟರೆ ಅದು ಎಲ್ಲರ ಪಾತ್ರೆಗೆ ಸೇರುತ್ತದೆ, ಬಸುರಿಗೆ ಸಿಗುವುದು ಕೊನೆಯ ಸೌಟು. ಅಂಗನವಾಡಿಯಲ್ಲಿ ಕೂತು ಉಂಡರೆ ಅದು ಅವಳದ್ದೇ.

ಬಯಲುಸೀಮೆಯಲ್ಲಿ ಮನೆಗಳು ಒತ್ತೊತ್ತಾಗಿವೆ, ನಾಲ್ಕು ಹೆಜ್ಜೆಗೆ ಅಂಗನವಾಡಿ. ನಮ್ಮಲ್ಲಿ ಹಾಗಲ್ಲ. ಬೆಳ್ತಂಗಡಿ, ಸುಳ್ಯ, ಹೆಬ್ರಿ ಕಡೆ ಒಂದು ಮನೆ ಗುಡ್ಡದ ಮೇಲೆ, ಇನ್ನೊಂದು ತೋಟದ ಆಚೆ, ನಡುವೆ ಸಂಕ, ಅಂದರೆ ತೋಡಿನ ಮೇಲಿನ ಕಾಲುಸೇತುವೆ. ಏಳು ತಿಂಗಳ ಬಸುರಿ ಜುಲೈ ಮಳೆಗೆ ಕೊಡೆ ಹಿಡಿದು ಆ ಜಾರುವ ಸಂಕ ದಾಟಿ ಒಂದು ಊಟಕ್ಕೆ ಹೋಗಬೇಕು. ಟೀಚರ್ ಫೋನ್ ಮಾಡಿ "ಬಾ ಮಾರಾಯ್ತಿ, ಊಟ ಉಳೀತದೆ" ಅಂತಾರೆ. ಇವಳು "ಆಗುದಿಲ್ಲ ಟೀಚರ್, ಅತ್ತೆ ಬಿಡುದಿಲ್ಲ" ಅಂತಾಳೆ. ಕರಾವಳಿ, ಮಲೆನಾಡಿನಲ್ಲಿ ಹಾಜರಿ ಕಡಿಮೆ ಇದ್ದದ್ದು ಇದೇ ಕಾರಣಕ್ಕೆ. ಮನೆಗೇ ಕೊಡಿ ಅನ್ನುವ ಕೂಗು ಎದ್ದದ್ದೂ ಇಲ್ಲಿಂದಲೇ. ಕೋವಿಡ್ ಸಮಯದಲ್ಲಿ ಮನೆಗೇ ಕೊಟ್ಟರು, ಅದು ಸಾಧ್ಯ ಅಂತ ಆಗಲೇ ಗೊತ್ತಾಯಿತು.

ಹಾಗಾದರೆ ಯಾವುದು? ಪೇಟೆಯಲ್ಲಿ, ಉಳ್ಳಾಲ, ಮಲ್ಪೆಯಂಥ ಮನೆ ಒತ್ತಾದ ಕಡೆ ಬಿಸಿ ಊಟವನ್ನೇ ಉಳಿಸಿಕೊಳ್ಳಿ. ಗುಡ್ಡದ ಊರುಗಳಲ್ಲಿ ಮನೆಗೆ ರೇಷನ್ ಕೇಳಿ. ಆದರೆ ಅಕ್ಕಿ, ಬೇಳೆ ಕೇಳಬೇಡಿ, ಅದು ಖಂಡಿತ ಎಲ್ಲರ ಪಾತ್ರೆಗೆ ಸೇರುತ್ತದೆ. ಮೊಟ್ಟೆ, ಹಾಲಿನ ಪುಡಿ, ಶೇಂಗಾ ಕೇಳಿ. ಇವು ಅವಳ ಹೆಸರಿನಲ್ಲೇ ಉಳಿಯುವ ಸಾಧ್ಯತೆ ಜಾಸ್ತಿ. ಆಹಾರ ಭದ್ರತಾ ಕಾಯ್ದೆಯಲ್ಲೇ ಅವಳಿಗೆ ದಿನಕ್ಕೆ 600 ಕ್ಯಾಲರಿ, 18ರಿಂದ 20 ಗ್ರಾಂ ಪ್ರೋಟೀನಿನ ಆಹಾರ ಕೊಡಬೇಕು ಅಂತ ಬರೆದಿದೆ. ಹಕ್ಕು ಅದು. ಅಂಗನವಾಡಿಗೆ ಬಂದರೆ ಮಾತ್ರ ಹಕ್ಕು, ಮಳೆಗೆ ಬರಲಾಗದಿದ್ದರೆ ಇಲ್ಲ ಅನ್ನಲಾಗುವುದಿಲ್ಲ.

ಮೀನು ಯಾರ ಪಾಲು?

ಬೂತಾಯಿ (ಸಾರ್ಡಿನ್) ಬಡವರ ಮೀನು. ಒಮೆಗಾ-3 ಇದೆ, ಮುಳ್ಳು ಸಮೇತ ತಿಂದರೆ ಕ್ಯಾಲ್ಸಿಯಂ ಇದೆ. ಹುಳಿ-ಖಾರದ ಪುಳಿಮುಂಚಿ ಮಾಡಿದರೆ ಎರಡು ದಿನ ಇಡಬಹುದು. ಆದರೆ ದಕ್ಕೆಗೆ (ಬೋಟು ನಿಲ್ಲುವ ಬಂದರಿಗೆ) ಬೂತಾಯಿ ರಾಶಿ ಬಂದ ದಿನ ದೊಡ್ಡ ಪಾಲು ಹೋಗುವುದು ಫಿಶ್‌ಮೀಲ್ ಫ್ಯಾಕ್ಟರಿಗೆ. ಒಂದು ಕೆಜಿ ಮೀನಿನ ಹುಡಿಗೆ ನಾಲ್ಕೈದು ಕೆಜಿ ಹಸಿ ಮೀನು ಬೇಕು. ಆ ಹುಡಿ ಸಿಗಡಿ ಕೆರೆಗೆ, ಕೋಳಿ ಫಾರ್ಮಿಗೆ ಹೋಗುತ್ತದೆ. ಕಾರ್ಖಾನೆಯನ್ನು ಬೈದು ಕೂರುವುದರಲ್ಲಿ ಅರ್ಥವಿಲ್ಲ. ಬೋಟಿನವನಿಗೆ ಒಂದೇ ಏಟಿಗೆ ಎಲ್ಲ ಮೀನು ಕೊಳ್ಳುವವರು ಅವರೇ. ಬುಟ್ಟಿ ಹೊತ್ತು ಮಾರುವ ಹೆಂಗಸರಿಗೆ ಅಷ್ಟು ಮಂಜುಗಡ್ಡೆ ಇಲ್ಲ, ಇಡುವ ಜಾಗ ಇಲ್ಲ, ದುಡ್ಡೂ ಇಲ್ಲ.

ಎರಡು ದಾರಿ ಇವೆ. ಒಂದು, ಮರಿಮೀನು ಹಿಡಿಯುವುದನ್ನು, ಕೊಳ್ಳುವುದನ್ನು ಬಿಗಿಯಾಗಿ ತಡೆಯುವುದು. ಇದು ಮೀನುಗಾರಿಕೆ ಇಲಾಖೆಯದ್ದು, ಕಡಲಿನ ನಾಳೆಗೆ ಅಗತ್ಯ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ನಿಷೇಧ ಒಂದೇ ಸಾಲದು. ಇನ್ನೊಂದು, ಮಾರುವ ಹೆಂಗಸರ ಕೈ ಬಲಪಡಿಸುವುದು. ಮೀನು ಮಾರುವ ಮಹಿಳೆಯರಿಗೆ ಬಡ್ಡಿ ಇಲ್ಲದ ಸಾಲದ ಮಿತಿಯನ್ನು 2023ರ ಬಜೆಟ್ಟಿನಲ್ಲಿ 50 ಸಾವಿರದಿಂದ 3 ಲಕ್ಷಕ್ಕೆ ಏರಿಸಿದರು. ಬ್ಯಾಂಕಿನ ಬಾಗಿಲಲ್ಲಿ ಎಷ್ಟು ಜನಕ್ಕೆ ಅದು ಸಿಕ್ಕಿತು ಅಂತ ನಿಮ್ಮ ಊರಿನ ಮಹಿಳಾ ಸಂಘದಲ್ಲಿ ಕೇಳಿ. ಸಂತೆಯಲ್ಲಿ ನೆರಳು, ನೀರು, ಐಸ್ ಪೆಟ್ಟಿಗೆ ಇಡುವ ಕಟ್ಟೆ ಪಂಚಾಯತ್ ಕೈಯಲ್ಲೇ ಇದೆ. ನನ್ನ ಓಟು ಎರಡನೆಯದಕ್ಕೆ. ಬೂತಾಯಿ ಗುಡ್ಡದ ಊರಿಗೆ ತಾಜಾ ತಲುಪುವುದು ಅವರಿಂದಲೇ.

ಶಾಲೆ ಎದುರಿನ ಅಂಗಡಿ

ಚಿಕ್ಕ ವಿಷಯ, ಬೇಗ ಹೇಳಿ ಮುಗಿಸುತ್ತೇನೆ. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿಯನ್ನು ಶಾಲೆಯಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರಬಾರದು ಅಂತ 2020ರ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮ ಇದೆ. ಅಂಗಡಿಗೆ ಪರವಾನಗಿ ಕೊಡುವುದು ಪಂಚಾಯತ್. ಹಾಗಾಗಿ ಇದು ನಿಮ್ಮದೇ ಮೇಜು. ಬೀಗ ಹಾಕಿಸುವುದಕ್ಕೆ ಹೋಗಬೇಡಿ, ಅದು ಯಾರೋ ವಿಧವೆಯ ಜೀವನ ಇರುತ್ತದೆ. ಚರುಮುರಿ, ಬೇಯಿಸಿದ ಶೇಂಗಾ, ಹಣ್ಣು ಮಾರಿದರೆ ಪರವಾನಗಿ ಶುಲ್ಕ ಬಿಡುವುದು ಅಂತ ಮಾಡಿದರೆ ಅವಳಿಗೂ ಸರಿ, ಮಕ್ಕಳಿಗೂ ಸರಿ.

ನಿಮ್ಮ ಊರು ಯಾವುದು?

ಗದ್ದೆ ಇನ್ನೂ ಉಳಿದಿರುವ ಊರಾದರೆ, ಕುಂದಾಪುರ, ಬ್ರಹ್ಮಾವರ, ಮೂಡುಬಿದಿರೆ ಕಡೆಯಂಥದ್ದು, ಬತ್ತ ಖರೀದಿಯ ದಿನಾಂಕದ ನಿರ್ಣಯ ಹಿಡಿಯಿರಿ. ಗುಡ್ಡದ ಊರಾದರೆ ಬಸುರಿಯರ ರೇಷನ್. ಕಡಲ ಬದಿಯಾದರೆ ಮೀನು ಮಾರುವವರ ಕಟ್ಟೆ, ಐಸ್, ಸಾಲ. ನಗರದ ವಾರ್ಡಾದರೆ ಹೊರಗಿನಿಂದ ಬಂದ ಕೆಲಸಗಾರರ ರೇಷನ್. ಒಂದು ದೇಶ ಒಂದು ಕಾರ್ಡ್ ವ್ಯವಸ್ಥೆಯಲ್ಲಿ ಯಾವ ಊರಿನ ಕಾರ್ಡಿದ್ದರೂ ಇಲ್ಲಿ ಥಂಬ್ ಕೊಟ್ಟು ಅಕ್ಕಿ ಪಡೆಯಬಹುದು. "ನಿಮ್ಮದು ಇಲ್ಲಿ ಆಗುದಿಲ್ಲ" ಅಂತ ಅಂಗಡಿಯವರು ವಾಪಸ್ ಕಳಿಸಿದರೆ ಆಹಾರ ನಿರೀಕ್ಷಕರಿಗೆ ಲಿಖಿತ ದೂರು ಕೊಡಿ, ಪ್ರತಿ ಇಟ್ಟುಕೊಳ್ಳಿ. ಜಿಲ್ಲಾ ಮಟ್ಟದಲ್ಲಿ ಕುಂದುಕೊರತೆ ಅಧಿಕಾರಿ, ಅದರ ಮೇಲೆ ರಾಜ್ಯ ಆಹಾರ ಆಯೋಗ ಕಾಯ್ದೆಯಲ್ಲೇ ಇದೆ.

ಶಾಲೆ ಇದ್ದರೆ ಮೊಟ್ಟೆಯ ಎರಡು ವಾಕ್ಯ ಇವೆಲ್ಲದರ ಜೊತೆಗೆ ಸೇರಲಿ.

ಸಮಯದ ವಿಷಯ ಮರೆಯಬೇಡಿ. ಬತ್ತದ ನಿರ್ಣಯ ಜೂನ್, ಜುಲೈಯ ಸಭೆಯಲ್ಲೇ ಆಗಬೇಕು, ನೇಜಿ (ಬತ್ತದ ಸಸಿ) ನೆಡುವ ಹೊತ್ತಿಗೆ. ಮೊಟ್ಟೆಯದ್ದು ಡಿಸೆಂಬರಿನ ಒಳಗೆ ಹೋಗಲಿ, ಮಾರ್ಚಿನಲ್ಲಿ ಬಜೆಟ್ ಓದುವ ಮೊದಲು. ನಿರ್ಣಯದ ಪುಸ್ತಕದಲ್ಲಿ ಬರೆದದ್ದಕ್ಕೆ ಅಧ್ಯಕ್ಷರ ಸಹಿ ಬಿದ್ದಿದೆಯಾ ಅಂತ ನೋಡಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡೇ ಮನೆಗೆ ಹೋಗಿ.